ಜಾವಾ ಬಿಲ್ಲಿಂಗ್: ಕೈಯಲ್ಲಿ ಓಡಿಸಿದರೆ ಕನ್ನಡ ಸರಿ, ಸಿಸ್ಟಮ್‌ಡಿ ಸರ್ವಿಸ್ ಮಾಡಿದರೆ ಬರೀ ಪ್ರಶ್ನೆ ಗುರುತು (ಪರಿಹಾರ ಸಿಕ್ಕಿದೆ)

ಮಂಡಿ_ಸರ್ವರ್ (ಕೋಲಾರ)

ಎಲ್ಲರಿಗೂ ನಮಸ್ಕಾರ. ಕೋಲಾರ ಎಪಿಎಂಸಿಯಲ್ಲಿ ಒಂದು ಟೊಮೇಟೊ ಮಂಡಿಯ ಕಂಪ್ಯೂಟರ್ ಕೆಲಸ ನನ್ನದು. ಲಿನಕ್ಸ್ ಗೊತ್ತು, ಜಾವಾ ಗೊತ್ತಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಜಾವಾದ್ದು, ಆವೃತ್ತಿ 11, ಸರ್ವರ್ ಉಬುಂಟು. ಮಾಡಿಕೊಟ್ಟವರು ಒಂದು ಜಾರ್ ಫೈಲ್, ಒಂದು ಶೆಲ್ ಸ್ಕ್ರಿಪ್ಟ್ ಕೊಟ್ಟು ಹೋದರು. ಸ್ಕ್ರಿಪ್ಟ್ ಒಳಗೆ ನೋಹಪ್ ಹಾಕಿ ಜಾವಾ ಓಡಿಸೋದು, ಕೊನೆಗೆ ಒಂದು ಆಂಪರ್‌ಸ್ಯಾಂಡ್ (ಲಾಗೌಟ್ ಆದರೂ ಹಿನ್ನೆಲೆಯಲ್ಲಿ ಓಡುತ್ತಿರಲಿ ಅಂತ). ಅಷ್ಟೇ. ಕರೆಂಟ್ ಹೋಗಿ ಬಂದರೆ ನನ್ನ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್) ಹೋಗಿ ಮತ್ತೆ ಓಡಿಸಬೇಕು. ಹರಾಜಿನ ಹೊತ್ತಿಗೆ ಸರಿಯಾಗಿ ನನಗೆ ಫೋನ್ ಬರುತ್ತದೆ.

ಅದಕ್ಕೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ತಾನಾಗಿ ಶುರು ಮಾಡಿ ನೋಡಿಕೊಳ್ಳುವುದು) ಸರ್ವಿಸ್ ಮಾಡಿದೆ. ತಾನಾಗಿ ಶುರುವಾಗುತ್ತಿದೆ, ಖುಷಿಯೇ. ಆದರೆ ಪ್ರಿಂಟರ್‌ಗೆ ಹೋಗುವ ಟೆಕ್ಸ್ಟ್ ಫೈಲ್‌ನಲ್ಲಿ ರೈತರ ಹೆಸರಿದ್ದ ಕಡೆ ಬರೀ ?????? ಬರುತ್ತಿದೆ. ಬಾಕ್ಸ್ ಲೆಕ್ಕ, ದರ, ಮೊತ್ತ ಎಲ್ಲಾ ಸರಿ. ಸ್ಕ್ರೀನ್ ಮೇಲೆ ಹೆಸರು ಕನ್ನಡದಲ್ಲೇ ಚೆನ್ನಾಗಿದೆ. ಸರ್ವಿಸ್ ನಿಲ್ಲಿಸಿ ಹಳೇ ಸ್ಕ್ರಿಪ್ಟನ್ನೇ ಕೈಯಲ್ಲಿ ಓಡಿಸಿದರೆ ಬಿಲ್‌ನಲ್ಲೂ ಕನ್ನಡ ಬರುತ್ತದೆ! ಅದೇ ಜಾರ್, ಅದೇ ಯೂಸರ್. ಜೊತೆಗೆ ಸರ್ವಿಸ್ ನಿಲ್ಲಿಸಿದಾಗಲೆಲ್ಲ ಕೆಂಪು ಅಕ್ಷರದಲ್ಲಿ 'ಫೇಲ್ಡ್, 143' ಅಂತ ತೋರಿಸುತ್ತದೆ. ಇದು ಬೇರೆ ಸಮಸ್ಯೆಯಾ?

ಚಹಾ_ಬ್ರೇಕ್

ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅನ್ಸುತ್ತೆ ಬ್ರೋ. ನೋಟೊ ಫಾಂಟ್ ಹಾಕಿ ನೋಡಿ.

ಅಮಾನಿಕೆರೆ (ತುಮಕೂರು)

ಫಾಂಟ್ ಅಲ್ಲ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕ ಬರುತ್ತದೆ, ಅಕ್ಷರ ಒಳಗೆ ಹಾಗೇ ಇರುತ್ತದೆ. ಪ್ರಶ್ನೆ ಗುರುತು ಬಂತು ಅಂದರೆ ಫೈಲ್‌ಗೆ ಬರೆಯುವಾಗಲೇ ಅಕ್ಷರ ಹೋಯಿತು ಅಂತ ಅರ್ಥ. ಮಂಡಿಯವರೇ, ಸರ್ವಿಸ್ ಓಡುತ್ತಿರುವಾಗ ಎರಡು ಕಡೆ ನೋಡಿ ಹೇಳಿ.

ಒಂದು, ಪ್ರೋಕ್ ಫೋಲ್ಡರ್‌ನಲ್ಲಿ ಆ ಜಾವಾ ಪ್ರೋಸೆಸ್ ನಂಬರಿನ ಒಳಗೆ 'ಎನ್ವಿರಾನ್' ಅಂತ ಫೈಲ್ ಇದೆ. ಅದರಲ್ಲಿ 'ಲ್ಯಾಂಗ್' ಅಥವಾ 'ಎಲ್‌ಸಿ'ಯಿಂದ ಶುರುವಾಗುವ ಸಾಲು (ಭಾಷೆಯ ಸೆಟ್ಟಿಂಗ್) ಇದೆಯಾ?

ಎರಡು, ಜೆಸಿಎಂಡಿ (ಓಡುತ್ತಿರುವ ಜಾವಾವನ್ನು ವಿಚಾರಿಸುವ ಕಮಾಂಡ್) ಉಪಯೋಗಿಸಿ ಅದೇ ಪ್ರೋಸೆಸ್‌ನ ಸಿಸ್ಟಮ್ ಪ್ರಾಪರ್ಟಿಗಳನ್ನು ತೆಗೆಯಿರಿ. ಸರ್ವಿಸ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಅದೇ ಯೂಸರ್ ಆಗಿ ಓಡಿಸಿ. ಜೆಆರ್‌ಇ (ಜಾವಾ ಓಡಿಸಲು ಬೇಕಾದಷ್ಟೇ) ಮಾತ್ರ ಇದ್ದರೆ ಈ ಕಮಾಂಡ್ ಇರಲ್ಲ, ಜೆಡಿಕೆ (ಡೆವಲಪರ್‌ಗಳ) ಪ್ಯಾಕೇಜ್ ಬೇಕು. ಅದರಲ್ಲಿ 'ಫೈಲ್ ಡಾಟ್ ಎನ್‌ಕೋಡಿಂಗ್' ಮತ್ತು 'ಸನ್ ಡಾಟ್ ಜೆಎನ್‌ಯು ಡಾಟ್ ಎನ್‌ಕೋಡಿಂಗ್' ಏನಿದೆ? (ಎನ್‌ಕೋಡಿಂಗ್ ಅಂದರೆ ಅಕ್ಷರಗಳನ್ನು ಯಾವ ಪಟ್ಟಿ ನೋಡಿ ಬರೆಯಬೇಕು ಅನ್ನೋದು.)

ಮಂಡಿ_ಸರ್ವರ್ (ಕೋಲಾರ)

ಅಣ್ಣ, ಎನ್ವಿರಾನ್‌ನಲ್ಲಿ ಲ್ಯಾಂಗ್ ಇಲ್ಲವೇ ಇಲ್ಲ. ಎನ್‌ಕೋಡಿಂಗ್ ಎರಡೂ ಕಡೆ 'ಎಎನ್‌ಎಸ್‌ಐ ಎಕ್ಸ್3.4-1968' ಅಂತಿದೆ. ಇದ್ಯಾವ ಕಾಲದ್ದು?

ಇನ್ನೊಂದು ವಿಚಿತ್ರ ಈಗ ಕಣ್ಣಿಗೆ ಬಿತ್ತು. ರೈತರ ಹೆಸರಲ್ಲೇ ಪಿಡಿಎಫ್ ಉಳಿಸುವ ಫೋಲ್ಡರ್ ಒಂದಿದೆ. ಸರ್ವಿಸ್ ಮಾಡಿದ ಮೇಲೆ ಅದರಲ್ಲಿ ಫೈಲೇ ಕಡಿಮೆ. ಇರೋವೂ ಬರೀ ಪ್ರಶ್ನೆ ಗುರುತಿನ ಹೆಸರು.

ಅಮಾನಿಕೆರೆ (ತುಮಕೂರು)

1968ರದ್ದೇ. ಅದು ಹಳೇ ಆಸ್ಕಿ ಪಟ್ಟಿ, ಒಟ್ಟು 128 ಜಾಗ, ಕನ್ನಡಕ್ಕೆ ಅದರಲ್ಲಿ ಜಾಗವೇ ಇಲ್ಲ. ಅಂಕಿಗಳು ಆ ಪಟ್ಟಿಯಲ್ಲಿ ಇವೆ, ಅದಕ್ಕೇ ನಿಮ್ಮ ದರ, ಮೊತ್ತ ಸರಿಯಾಗಿ ಬಂದವು.

ಜಾವಾ 17ರವರೆಗೆ, ಪ್ರೋಗ್ರಾಂ ಬರೆದವರು ಎನ್‌ಕೋಡಿಂಗ್ ಹೇಳದೇ ಫೈಲ್ ಬರೆದರೆ, ಜಾವಾ ಲಿನಕ್ಸ್‌ನ ಲೊಕೇಲ್ (ಲ್ಯಾಂಗ್, ಎಲ್‌ಸಿಗಳಲ್ಲಿರುವ ಭಾಷೆ, ದೇಶ, ಎನ್‌ಕೋಡಿಂಗ್) ನೋಡಿ ತಾನೇ ಆರಿಸಿಕೊಳ್ಳುತ್ತದೆ. ಲೊಕೇಲ್ ಖಾಲಿ ಇದ್ದರೆ ಆಸ್ಕಿ. ನಿಮ್ಮ ಡೇಟಾಬೇಸ್ ಸಂಪರ್ಕಕ್ಕೆ ತನ್ನದೇ ಎನ್‌ಕೋಡಿಂಗ್ ಇರುತ್ತದೆ, ಅದಕ್ಕೇ ಸ್ಕ್ರೀನ್ ಮೇಲೆ ಹೆಸರು ಸರಿ.

ಹಾಗಾದರೆ ಕೈಯಲ್ಲಿ ಓಡಿಸಿದಾಗ ಹೇಗೆ ಬಂತು? ನಿಮ್ಮ ಲ್ಯಾಪ್‌ಟಾಪ್‌ನಿಂದ! ಉಬುಂಟು, ಡೆಬಿಯನ್‌ಗಳಲ್ಲಿ ಎಸ್‌ಎಸ್‌ಎಚ್ ನಿಮ್ಮ ಕಡೆಯ ಲ್ಯಾಂಗ್ ಮತ್ತು ಎಲ್‌ಸಿಗಳನ್ನು ಸರ್ವರ್‌ಗೆ ಕಳಿಸುತ್ತದೆ, ಸರ್ವರ್ ಒಪ್ಪಿಕೊಳ್ಳುತ್ತದೆ. ಅಂದರೆ ಇಷ್ಟು ದಿನ ಮಂಡಿಯ ಬಿಲ್ ಯಾವ ಭಾಷೆಯಲ್ಲಿ ಬರಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಅವತ್ತು ಯಾರ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗಿದ್ದರು ಅನ್ನೋದು. ಸಿಸ್ಟಮ್‌ಡಿಗೆ ನಿಮ್ಮ ಲ್ಯಾಪ್‌ಟಾಪ್ ಗೊತ್ತಿಲ್ಲ.

ಪಿಡಿಎಫ್ ವಿಷಯ ಇನ್ನೂ ಗಂಭೀರ. ಫೈಲ್ ಹೆಸರಿಗೆ ಜಾವಾ ನೋಡುವುದು ಆ ಎರಡನೇ ಪ್ರಾಪರ್ಟಿ, ಜೆಎನ್‌ಯುದ್ದು. 'ರಾಮಪ್ಪ' ಅಂದರೆ ಯೂನಿಕೋಡ್‌ನಲ್ಲಿ ರ, 'ಆ' ಕಾರದ ಗುರುತು, ಮ, ಪ, ಒತ್ತಕ್ಷರ ಮಾಡುವ ವಿರಾಮ ಗುರುತು, ಪ: ಆರು. 'ನಾಗಪ್ಪ'ನೂ ಆರು. ಎರಡೂ ಆರು ಪ್ರಶ್ನೆ ಗುರುತಾಗುತ್ತವೆ. ನಾಗಪ್ಪನ ಬಿಲ್ ರಾಮಪ್ಪನ ಬಿಲ್ ಮೇಲೆ ಕೂತಿತು. ಫೈಲ್ ಕಡಿಮೆ ಇರುವುದು ಅದಕ್ಕೇ.

ಮಾಡಬೇಕಾದ್ದು ಇಷ್ಟು. 'ಸಿಸ್ಟಮ್‌ಸಿಟಿಎಲ್ ಎಡಿಟ್' ಕೊಟ್ಟು ಸರ್ವಿಸ್ ಹೆಸರು ಹಾಕಿ. ತೆರೆಯುವ ಫೈಲ್‌ನಲ್ಲಿ ಸರ್ವಿಸ್ ವಿಭಾಗದ ಕೆಳಗೆ 'ಎನ್ವಿರಾನ್‌ಮೆಂಟ್' ಸಾಲಿನಲ್ಲಿ ಲ್ಯಾಂಗ್‌ಗೆ 'ಸಿ ಡಾಟ್ ಯುಟಿಎಫ್-8' (ಯುಟಿಎಫ್-8 ಅಂದರೆ ಕನ್ನಡವೂ ಇರುವ ಎನ್‌ಕೋಡಿಂಗ್) ಕೊಡಿ, ರೀಸ್ಟಾರ್ಟ್ ಮಾಡಿ. ಇದು ಇಟಿಸಿ ಕೆಳಗೆ ಬೇರೆ ಫೈಲ್ ಆಗಿ ಉಳಿಯುತ್ತದೆ. ನಾಳೆ ಅವರು ಹೊಸ ಜಾರ್, ಹೊಸ ಸ್ಕ್ರಿಪ್ಟ್ ಕೊಟ್ಟರೂ ಇದು ಅಳಿಸಿ ಹೋಗಲ್ಲ.

ಜಾವಾ ಕಮಾಂಡಿಗೇ ಫೈಲ್ ಎನ್‌ಕೋಡಿಂಗ್ ಆಪ್ಷನ್ ಸೇರಿಸಿ ಅಂತ ತುಂಬ ಜನ ಹೇಳುತ್ತಾರೆ. ಫೈಲ್ ಒಳಗಿನ ಬರಹ ಸರಿ ಹೋಗುತ್ತದೆ, ಫೈಲ್ ಹೆಸರು ಸರಿ ಹೋಗಲ್ಲ. ಎನ್ವಿರಾನ್‌ಮೆಂಟ್‌ನಲ್ಲೇ ಸರಿ ಮಾಡಿ.

ಚಹಾ_ಬ್ರೇಕ್

ಜಾವಾ 21ಕ್ಕೆ ಹೋದರೆ ಈ ತಲೆನೋವೇ ಇಲ್ಲ ಅಲ್ವಾ? ಈಗ ಯುಟಿಎಫ್-8 ತಾನೇ ಡಿಫಾಲ್ಟ್.

ಅಮಾನಿಕೆರೆ (ತುಮಕೂರು)

ಅರ್ಧ ಸರಿ. 2022ರ ಮಾರ್ಚ್‌ನಲ್ಲಿ ಬಂದ ಜಾವಾ 18ರಿಂದ, ಜೆಇಪಿ 400 (ಜಾವಾ ಬದಲಾವಣೆಯ ಪ್ರಸ್ತಾವ) ಪ್ರಕಾರ, ಫೈಲ್ ಬರೆಯಲು ಯುಟಿಎಫ್-8 ಡಿಫಾಲ್ಟ್. ಆದರೆ ಫೈಲ್ ಹೆಸರು ಈಗಲೂ ಲೊಕೇಲ್ ನೋಡಿಯೇ. ಜರ್ನಲ್‌ಗೆ (ಸಿಸ್ಟಮ್‌ಡಿಯ ಲಾಗ್) ಹೋಗುವ ಔಟ್‌ಪುಟ್ ಕೂಡ ಹಾಗೇ. 21ಕ್ಕೆ ಹೋಗಿ ಬಿಲ್ ಸರಿ ಬಂತು ಅಂತ ಸುಮ್ನೆ ಕೂತರೆ ಪಿಡಿಎಫ್ ಒಂದರ ಮೇಲೊಂದು ಕೂರುತ್ತಲೇ ಇರುತ್ತವೆ.

ಮಂಡಿ_ಸರ್ವರ್ (ಕೋಲಾರ)

ಹೆಸರು ಬಂತು! ಫೈಲ್ ಹೆಸರೂ ಬಂತು. ಆದರೆ ಈಗ ತಾರೀಕು ತಿರುಗಿದೆ. ಆಗಸ್ಟ್ 7ಕ್ಕೆ ಬಿಲ್‌ನಲ್ಲಿ 8/7 ಅಂತ ಬರುತ್ತಿದೆ. ರೈತರು ಜುಲೈ ಬಿಲ್ ಅಂದುಕೊಂಡು ವಾಪಸ್ ತರುತ್ತಿದ್ದಾರೆ.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ಇದಕ್ಕೆ ನಾನು ಹೇಳುತ್ತೇನೆ. 'ಸಿ' ಲೊಕೇಲ್‌ನಲ್ಲಿ ಜಾವಾ ಇಂಗ್ಲಿಷ್ ಅಂತ ಮಾತ್ರ ತಿಳಿದುಕೊಳ್ಳುತ್ತದೆ, ದೇಶ ಗೊತ್ತಾಗಲ್ಲ. ಆಗ ಅಮೆರಿಕದ ಹಾಗೆ ತಿಂಗಳು ಮೊದಲು. ನಿಮ್ಮ ಲ್ಯಾಪ್‌ಟಾಪ್‌ನಿಂದ ಭಾರತದ ಇಂಗ್ಲಿಷ್ ಬರುತ್ತಿತ್ತು, ಅದಕ್ಕೇ ದಿನ ಮೊದಲಿತ್ತು. ಲ್ಯಾಂಗ್‌ಗೆ ಅದನ್ನೇ ಕೊಡಿ. ಆದರೆ ಮೊದಲು 'ಲೊಕೇಲ್ ಮೈನಸ್ ಎ' ಕೊಟ್ಟು ಸರ್ವರ್‌ನಲ್ಲಿ ಅದು ಇದೆಯಾ ನೋಡಿ, ಅಲ್ಲಿ ಹೇಗಿದೆಯೋ ಹಾಗೇ ಹಾಕಿ. ಇಲ್ಲದ ಲೊಕೇಲ್ ಹೆಸರು ಕೊಟ್ಟರೆ ಜಾವಾ ಬೈಯಲ್ಲ, ತೆಪ್ಪಗೆ ಆಸ್ಕಿಗೆ ಇಳಿದುಬಿಡುತ್ತದೆ.

ಪೂರ್ತಿ ಕನ್ನಡ ಲೊಕೇಲೇ ಹಾಕೋಣ ಅಂತ ಆಸೆ ಬರುತ್ತದೆ. ಮಂಡಿ ಸಾಫ್ಟ್‌ವೇರ್‌ಗೆ ಬೇಡ. ತಿಂಗಳ ಹೆಸರು ಕನ್ನಡದಲ್ಲಿ ಬರಲು ಶುರುವಾಗಿ, ಇಂಗ್ಲಿಷ್ ತಿಂಗಳನ್ನೇ ಓದಿ ರೂಢಿ ಇರುವ ಕೋಡ್ ಎಲ್ಲಾದರೂ ಎಡವುತ್ತದೆ.

ಅಮಾನಿಕೆರೆ (ತುಮಕೂರು)

ತಾರೀಕಿನ ವಿಷಯ ಒಳ್ಳೇ ಹಿಡಿತ. ಇನ್ನು 143. ಅದು ಬೇರೆ ಸಮಸ್ಯೆ, ಸಮಸ್ಯೆಯೇ ಅಲ್ಲ ಅನ್ನಬಹುದು. ನಿಲ್ಲಿಸು ಅಂತ ಸಿಸ್ಟಮ್‌ಡಿ ಕಳಿಸುವ ಸಿಗ್ನಲ್ 15. ಅದಕ್ಕೆ ಜಾವಾ ಮರ್ಯಾದೆಯಿಂದಲೇ ಮುಚ್ಚಿಕೊಂಡು 128 ಕೂಡಿಸು 15, ಅಂದರೆ 143 ಕೊಟ್ಟು ಹೋಗುತ್ತದೆ. ಸಿಸ್ಟಮ್‌ಡಿಗೆ ಸೊನ್ನೆ ಬೇಕು. ಅದೇ ಎಡಿಟ್ ಫೈಲ್‌ನಲ್ಲಿ 'ಸಕ್ಸೆಸ್ ಎಕ್ಸಿಟ್ ಸ್ಟೇಟಸ್' ಒಂದೇ ಪದವಾಗಿ ಬರೆದು 143 ಕೊಡಿ. 137 (ಜಾವಾ ನೇರವಾಗಿ ಓಡುತ್ತಿದ್ದರೆ '9/ಕಿಲ್') ಬಂದರೆ ಮಾತ್ರ ಎದ್ದು ಕೂರಿ. ಅದು ಸಿಗ್ನಲ್ 9, ಬಹಳ ಸಲ ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿರುತ್ತದೆ.

ಹಾಗೇ ಆ ಸ್ಕ್ರಿಪ್ಟ್ ಬಿಟ್ಟು, ಎಕ್ಸೆಕ್ ಸ್ಟಾರ್ಟ್ ಸಾಲಿನಲ್ಲಿ ಜಾವಾದ ಪೂರ್ತಿ ದಾರಿ ಬರೆದು ನೇರವಾಗಿ ಓಡಿಸಿ. ನೋಹಪ್ ಬೇಡ, ಆಂಪರ್‌ಸ್ಯಾಂಡ್ ಬೇಡ. ಲಾಗ್ ತಾನಾಗಿ ಜರ್ನಲ್‌ಗೆ ಬರುತ್ತದೆ. ಸಾಫ್ಟ್‌ವೇರ್ ಎಲ್ಲೋ ಸಿಕ್ಕಿಹಾಕಿಕೊಂಡು ಸುಮ್ಮನೆ ನಿಂತರೆ ಸಿಗ್ನಲ್ 3 ಕಳಿಸಿ. ಜಾವಾ ಸಾಯಲ್ಲ, ಯಾವ ಥ್ರೆಡ್ (ಒಳಗೆ ಓಡುವ ಕೆಲಸದ ಎಳೆ) ಎಲ್ಲಿ ನಿಂತಿದೆ ಅಂತ ಅದೇ ಜರ್ನಲ್‌ನಲ್ಲಿ ಬರೆದುಬಿಡುತ್ತದೆ. ಅದನ್ನು ಹಾಗೇ ಎತ್ತಿ ಸಾಫ್ಟ್‌ವೇರ್ ಮಾಡಿದವರಿಗೆ ಕಳಿಸಿ. ನಿಜ ಹೇಳಬೇಕೆಂದರೆ ಹತ್ತು ಸಾಲಿನ ಈ ಯೂನಿಟ್ (ಸರ್ವಿಸ್) ಫೈಲನ್ನು ಜಾರ್ ಜೊತೆ ಅವರೇ ಕೊಡಬೇಕಿತ್ತು. ಅಡ್ಮಿನ್ ಜಾವಾ ಕಲಿಯಬೇಕಾಗಿಲ್ಲ. ಸಿಸ್ಟಮ್‌ಸಿಟಿಎಲ್, ಜರ್ನಲ್‌ಸಿಟಿಎಲ್ ಎರಡರಲ್ಲೇ ಎಲ್ಲಾ ಕಾಣುವ ಹಾಗಿದ್ದರೆ ಸಾಕು.

ಮಂಡಿ_ಸರ್ವರ್ (ಕೋಲಾರ)

ತಾರೀಕು ಸರಿಯಾಯಿತು, 143ರ ಕೆಂಪು ಹೋಯಿತು. ನೇರ ಜಾವಾ ಹಾಕಿದ ಮೇಲೆ ಸರ್ವರ್ ರೀಬೂಟ್ ಮಾಡಿಯೂ ನೋಡಿದೆ, ಬಿಲ್‌ನಲ್ಲಿ ಕನ್ನಡ ಬಂತು. ಹಳೇ ಪಿಡಿಎಫ್‌ಗಳ ಗತಿ?

ಅಮಾನಿಕೆರೆ (ತುಮಕೂರು)

ಮೇಲೆ ಬರೆದುಹೋದ ಪಿಡಿಎಫ್ ವಾಪಸ್ ಬರಲ್ಲ, ಆದರೆ ಡೇಟಾಬೇಸ್‌ನಲ್ಲಿ ಹೆಸರು ಸರಿ ಇದೆಯಲ್ಲ. ಸರ್ವಿಸ್ ಮಾಡಿದ ದಿನದಿಂದ ಇವತ್ತಿನವರೆಗಿನ ಬಿಲ್‌ಗಳನ್ನು ಮತ್ತೆ ತೆಗೆಸಿ. ಪ್ರಶ್ನೆ ಗುರುತಿನ ಫೈಲ್ ಅಳಿಸುವಾಗ ಹುಷಾರು. ಶೆಲ್‌ನಲ್ಲಿ ಪ್ರಶ್ನೆ ಗುರುತು ಅಂದರೆ 'ಯಾವುದಾದರೂ ಒಂದು ಅಕ್ಷರ'. ಹೆಸರನ್ನು ಸಿಂಗಲ್ ಕೋಟ್ ಒಳಗೆ ಹಾಕಿ ಅಳಿಸಿ, ಇಲ್ಲದಿದ್ದರೆ ಹೊಸದಾಗಿ ತೆಗೆದ ರಾಮಪ್ಪನ ಬಿಲ್ಲೂ ಜೊತೆಗೇ ಹೋಗುತ್ತದೆ.