ಅಟ್ಲಾಸ್ ಮೌಂಟನ್ ರೇಸ್: ಸ್ಟೇಜ್ ರೈಡ್ ಮಾಡಿದ ಅನುಭವ ಸಾಕಾಗುತ್ತಾ?

ಹಿಂಬದಿಚಕ್ರ

ನಮಸ್ಕಾರ. ಮೈಸೂರಿನವನು, ವಯಸ್ಸು 38, ಮಂಡಿ ಇನ್ನೂ ಚೆನ್ನಾಗಿದೆ. ಒಂದೇ ಸೀಸನ್‌ನಲ್ಲಿ 200, 300, 400, 600 ಕಿ.ಮೀ.ಗಳ ನಾಲ್ಕೂ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿ ಎಸ್‌ಆರ್, ಅಂದರೆ ಸೂಪರ್ ರಾಂಡನರ್ ಆಗಿದ್ದೇನೆ. ದಿನಕ್ಕೊಂದು ಹಂತ (ಸ್ಟೇಜ್) ಅಂತ ಓಡಿಸುವ ಟೂರ್ ಆಫ್ ನೀಲಗಿರೀಸ್ ಒಂದು ಸಲ ಮಾಡಿದ್ದೇನೆ. ಮಸಿನಗುಡಿ ಕಡೆಯಿಂದ ಕಲ್ಹಟ್ಟಿಯ 36 ತಿರುವು ಹತ್ತುವಾಗ ಎರಡು ಸಲ ಕಾಲು ಊರಿದೆ, ಆದರೆ ತಳ್ಳಲಿಲ್ಲ, ಅದೊಂದು ಸಮಾಧಾನ.

ಈಗ ತಲೆಯಲ್ಲಿ ಹೊಕ್ಕಿರುವ ಹುಳ ಬೇರೆ. ಮೊರಾಕೊದ ಅಟ್ಲಾಸ್ ಮೌಂಟನ್ ರೇಸ್ ಅನ್ನುವ ಸೈಕಲ್ ರೇಸ್. ಸುಮಾರು 1,300 ಕಿ.ಮೀ., 20,000 ಮೀಟರ್‌ಗಿಂತ ಜಾಸ್ತಿ ಏರು, ಬಹುಪಾಲು ಕಲ್ಲುಮಣ್ಣಿನ ದಾರಿ, ಎಂಟು ದಿನದ ಗಡುವು. ಎಲ್ಲ ಸಾಮಾನು ಸೈಕಲ್ ಮೇಲೇ ಕಟ್ಟಿಕೊಂಡು ಹೋಗಬೇಕು. ನನ್ನ ಲೆಕ್ಕ ಹೀಗಿದೆ: 1,300ನ್ನು ಎಂಟರಿಂದ ಭಾಗಿಸಿದರೆ ದಿನಕ್ಕೆ 162 ಕಿ.ಮೀ. ಚಿಲ್ಲರೆ. 600 ಬ್ರೆವೆಯನ್ನು 40 ಗಂಟೆಯ ಗಡುವಿನೊಳಗೆ ಮುಗಿಸಿದವನಿಗೆ ದಿನಕ್ಕೆ 162 ಅಂದರೆ ಕಷ್ಟ ಆಗಬಾರದು ಅಲ್ವಾ? ಎಂಟು ಹಂತದ ಸ್ಟೇಜ್ ರೇಸ್ ಅಂತ ಅಂದುಕೊಂಡು ಬೆಳಿಗ್ಗೆ ಹೊರಟು ಸಂಜೆ ಒಂದೂರು ಸೇರಿ ಮಲಗಿದರೆ ಆಯ್ತು ಅಂತ ಯೋಚನೆ.

ಹೋಗಿ ಬಂದವರು, ಇಂಥದ್ದು ಬೇರೆ ಕಡೆ ಮಾಡಿದವರು ಇದ್ದರೆ ಹೇಳಿ. ಎಷ್ಟು ಸಾಮಾನು, ಎಷ್ಟು ನಿದ್ದೆ? ಇನ್ನೊಂದು, ನಾನು ಮಾಂಸ ತಿನ್ನುವುದಿಲ್ಲ, ಮೊಟ್ಟೆ ಓಕೆ. ಗೆಳೆಯನೊಬ್ಬ ಬರುತ್ತೇನೆ ಅಂತಿದ್ದಾನೆ, ಅವನ ಜೊತೆ ಸೇರಿ ಓಡಿಸಬಹುದಾ?

ಕಲ್ಲುದಾರಿ

ನಾನು ಒಂದು ಸಲ ಹೋಗಿದ್ದೇನೆ. ಗಡುವಿನೊಳಗೆ ಮುಗಿಸಿದೆ, ಆದರೆ ಹೆಮ್ಮೆಯಿಂದ ಹೇಳಿಕೊಳ್ಳುವಷ್ಟು ಬೇಗ ಅಲ್ಲ. ನೀವು ಮಾಡಿರುವ ಲೆಕ್ಕವನ್ನೇ ನಾನೂ ಮಾಡಿದ್ದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಸ್ಟೇಜ್ ರೇಸ್‌ನಲ್ಲಿ ಆ ದಿನದ ಗೆರೆ ದಾಟಿದ ಕೂಡಲೇ ಗಡಿಯಾರ ನಿಲ್ಲುತ್ತೆ. ಎಲ್ಲ ಹಂತಗಳ ಸಮಯ ಕೂಡಿಸಿ ಕೊನೆಗೆ ಯಾರು ಮುಂದೆ ಅಂತ ನೋಡುತ್ತಾರೆ. ಸಂಜೆ ನಿಮ್ಮದು. ನೀಲಗಿರೀಸ್‌ನಲ್ಲಿ ನಿಮ್ಮ ಬ್ಯಾಗ್ ಲಾರಿಯಲ್ಲಿ ಬಂದು ಕಾಯುತ್ತಿತ್ತು, ಊಟ ರೆಡಿ ಇತ್ತು. ಇಲ್ಲಿ ಗಡಿಯಾರ ಶುರುವಾಗುವುದು ಒಂದು ಸಲ, ನಿಲ್ಲುವುದು ಒಂದು ಸಲ. ನೀವು ಮಲಗಿದಾಗಲೂ ಓಡುತ್ತೆ, ಟೀ ಕುಡಿಯುವಾಗಲೂ ಓಡುತ್ತೆ, ಪಂಕ್ಚರ್ ಹಾಕುತ್ತಾ ಬೈದುಕೊಳ್ಳುವಾಗಲೂ ಓಡುತ್ತೆ. ಮೊದಲ ಸಲ ನಡೆದ 2020ರಲ್ಲಿ ಸೋಫಿಯಾನ್ ಸೆಹಿಲಿ 1,145 ಕಿ.ಮೀ. ದಾರಿಯನ್ನು ನಾಲ್ಕು ದಿನದೊಳಗೆ ಮುಗಿಸಿ ಗೆದ್ದರು. ಅದು ಬೇರೆ ಜಾತಿಯ ಪ್ರಾಣಿ, ಬಿಡಿ, ನಮ್ಮ ಲೆಕ್ಕ ನೋಡೋಣ.

ದಿನಕ್ಕೆ 162. ಡಾಂಬರು ರಸ್ತೆಯಲ್ಲಿ ನೀವು ಗಂಟೆಗೆ 22 ಹೋಗುತ್ತೀರಿ ಅಂತ ಇಟ್ಟುಕೊಳ್ಳಿ. ಅಲ್ಲಿ ಚಕ್ರ ತಿರುಗುತ್ತಿರುವಾಗಲೂ ನನ್ನ ಸರಾಸರಿ 11ರ ಆಸುಪಾಸು ಇತ್ತು. ಅಂದರೆ ಬರೀ ಸೀಟಿನ ಮೇಲೆ 15 ಗಂಟೆ. ಉಳಿಯುವುದು ಒಂಬತ್ತು. ಅದರಲ್ಲಿ ಅಂಗಡಿ, ಊಟ, ನೀರು ತುಂಬಿಸುವುದು, ಬಟ್ಟೆ ಬಿಚ್ಚುವುದು ಹಾಕುವುದು, ದಾರಿ ತಪ್ಪಿ ವಾಪಸ್ ಬರುವುದು. ಒಂದೊಂದು ಕಡೆ 20 ನಿಮಿಷ ಅಂತ ಆರು ಕಡೆ ನಿಂತರೆ ಎರಡು ಗಂಟೆ ಹೋಯಿತು, ಎಂಟು ದಿನಕ್ಕೆ 16 ಗಂಟೆ. ನಾನು ಬಲ ಸಾಲದೆ ಹಿಂದೆ ಬಿದ್ದವನಲ್ಲ. ಅಂಗಡಿ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಿಂದೆ ಬಿದ್ದವನು. ನನಗಿಂತ ನಿಧಾನ ಹೋಗುವ, ವಯಸ್ಸಾದ ಒಬ್ಬರು ದಿನಾ ಸಂಜೆ ನನ್ನನ್ನು ದಾಟಿ ಹೋಗುತ್ತಿದ್ದರು. ಆಮೇಲೆ ಗಮನಿಸಿದೆ, ಆ ಮನುಷ್ಯ ಬ್ರೆಡ್ಡನ್ನು ಜೇಬಿಗೆ ಹಾಕಿಕೊಂಡು ಹೊರಟೇ ಬಿಡುತ್ತಿದ್ದರು.

ಇನ್ನು ನಡಿಗೆ. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಮರಾಕೇಶ್ ಬಿಟ್ಟ ಮೇಲೆ ಮೊದಲ ದೊಡ್ಡ ಘಾಟಿ ಟೆಲುಯೆ ಅನ್ನುವ ಹಳ್ಳಿ ಕಡೆಯದು. ಅದನ್ನು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಹಳೆಯ ಹೇಸರಗತ್ತೆ ಜಾಡು ಅದು. ಕತ್ತಲಲ್ಲಿ ಸೈಕಲ್ಲನ್ನು ಎಮ್ಮೆ ಹಿಡಿದಂತೆ ಹಿಡಿದುಕೊಂಡು ಇಳಿದೆ. ಮುಂದೆ ಫ್ರೆಂಚರ ಕಾಲದ ಒಂದು ರಸ್ತೆ ಸಿಗುತ್ತೆ, ಮಳೆಗೆ ಅಲ್ಲಲ್ಲಿ ಕೊಚ್ಚಿಹೋಗಿದೆ, ಅಲ್ಲೂ ಹೊತ್ತುಕೊಂಡೇ ದಾಟಬೇಕು. ರೋಡ್ ಸೈಕಲ್‌ನ ಕ್ಲೀಟ್ ಶೂ (ಪೆಡಲ್ಲಿಗೆ ಕಚ್ಚಿಕೊಳ್ಳುವಂಥದ್ದು) ಹಾಕಿಕೊಂಡು ಬಂದವನೊಬ್ಬನ ಪಾಡು ನೋಡಲಾಗಲಿಲ್ಲ. ನಡೆಯಲು ಬರುವ ಶೂ, ಅರ್ಧ ಸೈಜ್ ದೊಡ್ಡದು ತಗೊಳ್ಳಿ, ನಾಲ್ಕನೇ ದಿನಕ್ಕೆ ಪಾದ ಊದಿರುತ್ತೆ. ದಾರಿ ಎಲ್ಲ ವರ್ಷ ಒಂದೇ ಇರಲ್ಲ, ಆ ವರ್ಷದ ಟ್ರ್ಯಾಕ್ ಬಂದ ಮೇಲೆ ಕೂತು ನೋಡಿ.

ಕುಲುಮೆ

ಮೇಲಿನವರು ಹೇಳಿದ್ದು ಸರಿ. ಗೆಳೆಯನ ವಿಷಯ ನಾನು ಹೇಳುತ್ತೇನೆ. ಇಬ್ಬರೂ ಜೋಡಿ ಅಂತಲೇ ಹೆಸರು ಕೊಟ್ಟರೆ ಪಂಪು, ಊಟ, ಟೆಂಟ್ ಎಲ್ಲ ಹಂಚಿಕೊಳ್ಳಬಹುದು, ಆದರೆ ಮುಗಿಸುವುದೂ ಇಬ್ಬರೂ ಒಟ್ಟಿಗೇ. ಒಬ್ಬೊಬ್ಬರೇ ಅಂತ ಹೆಸರು ಕೊಟ್ಟರೆ ಅವನ ಹತ್ತಿರ ಒಂದು ಪ್ಯಾಚ್ ಕೂಡ ಇಸಕೊಳ್ಳುವ ಹಾಗಿಲ್ಲ, ಅವನ ಹಿಂದೆ ಗಾಳಿ ಮರೆಯಲ್ಲಿ ಓಡಿಸುವ ಹಾಗೂ ಇಲ್ಲ. ಅಂಗಡಿ, ಹೋಟೆಲ್, ಸೈಕಲ್ ಶಾಪ್ ಓಕೆ, ಏಕೆಂದರೆ ಅವು ಎಲ್ಲರಿಗೂ ತೆರೆದಿರುತ್ತವೆ. ಪರಿಚಯದವರು ದಾರಿಯಲ್ಲಿ ಟಿಫನ್ ಬಾಕ್ಸ್ ತಂದು ಕೊಟ್ಟರೆ ತಪ್ಪು.

ಇದು ಹೊಸ ಹುಚ್ಚೇನೂ ಅಲ್ಲ. ಟೂರ್ ಡಿ ಫ್ರಾನ್ಸ್ ಶುರುವಿನಲ್ಲಿ ಹೀಗೇ ಇತ್ತು, ಹಂತಗಳ ರೇಸ್ ಆದರೂ ದಾರಿಯಲ್ಲಿ ಯಾರ ಸಹಾಯವೂ ಇಲ್ಲ. 1913ರಲ್ಲಿ ಯುಜೀನ್ ಕ್ರಿಸ್ಟೋಫ್ ಅನ್ನುವ ಸವಾರರ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಪೈರಿನೀಸ್ ಬೆಟ್ಟಗಳ ಟೂರ್ಮಲೆ ಘಾಟಿಯ ಇಳಿಜಾರಿನಲ್ಲಿ ಮುರಿಯಿತು. ಸೈಕಲ್ ಹೊತ್ತುಕೊಂಡು ಕೆಳಗಿನ ಹಳ್ಳಿಗೆ ನಡೆದು ಬಂದು, ಕಮ್ಮಾರನ ಕುಲುಮೆಯಲ್ಲಿ ತಾವೇ ಕಬ್ಬಿಣ ಕಾಸಿ ಬೆಸೆದುಕೊಂಡರು. ಅಧಿಕಾರಿಗಳು ನೋಡುತ್ತಾ ನಿಂತಿದ್ದರು. ಅಷ್ಟಾದರೂ ದಂಡ ಬಿತ್ತು, ಯಾಕೆ ಗೊತ್ತಾ? ತಿದಿ ಒತ್ತಿದ್ದು ಒಬ್ಬ ಹುಡುಗ ಅಂತ! ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ನಿಮಗೆ ಕುಲುಮೆ ಬೇಕಾಗಲ್ಲ, ಆದರೆ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗ ತೂಗುವ ಲೋಹದ ತುಂಡು) ನಿಮ್ಮ ಫ್ರೇಮ್‌ಗೆ ಕೂರುವಂಥದ್ದೇ ಒಂದು ಸ್ಪೇರ್ ಇರಲಿ. ಇದು ಊರಿಗೊಂದು ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ಚೈನ್ ಲಿಂಕ್ ಎರಡು, ಬ್ರೇಕ್ ಪ್ಯಾಡ್ ಎರಡು ಜೊತೆ, ಟ್ಯೂಬ್‌ಲೆಸ್ ಪ್ಲಗ್, ಸೀಲಂಟ್ ಸಣ್ಣ ಬಾಟಲಿ, ಟೈರ್ ಪಕ್ಕ ಹರಿದರೆ ಹೊಲಿಯಲು ದಪ್ಪ ಸೂಜಿ ದಾರ. ಟೈರ್ 2.2 ಇಂಚಿಗೆ ಕಡಿಮೆ ಬೇಡ. ಗೇರ್ ವಿಷಯದಲ್ಲಿ ಜಂಬ ಬೇಡ, ಮುಂದೆ 32 ಹಲ್ಲು, ಹಿಂದೆ 51 ಇದ್ದರೂ ಕಡೆಯ ಎರಡು ದಿನ ಇನ್ನೊಂದು ಹಲ್ಲು ಇದ್ದಿದ್ದರೆ ಅನ್ನಿಸುತ್ತೆ.

ಚಕ್ರ ತಿರುಗಿದಾಗ ಕರೆಂಟ್ ಹುಟ್ಟಿಸುವ ಡೈನಮೋ ಹಬ್ ಹಾಕಿಸಿದರೆ ಕರೆಂಟ್ ಚಿಂತೆ ಮುಗಿಯಿತು ಅಂತ ಬಹಳ ಜನ ನಂಬಿದ್ದಾರೆ. ಅದು ಕೊಡುವುದೇ 6 ವೋಲ್ಟ್, 3 ವ್ಯಾಟ್. ಫೋನ್ ಚಾರ್ಜ್ ಆಗಬೇಕಾದರೆ ಗಂಟೆಗೆ 15 ಕಿ.ಮೀ. ಆದರೂ ಹೋಗಬೇಕು. ಏರಿನಲ್ಲಿ ನೀವು 6ರಲ್ಲಿ ತೆವಳುವಾಗ ಲೈಟೇ ಮಿಣಮಿಣ ಅನ್ನುತ್ತೆ. ಆದ್ದರಿಂದ ಪವರ್ ಬ್ಯಾಂಕ್ ಬೇಕೇ ಬೇಕು. 20,000 ಎಂಎಎಚ್‌ನದ್ದು ಅಂದರೆ 74 ವ್ಯಾಟ್ ಅವರ್, ವಿಮಾನದ 100ರ ಮಿತಿಯೊಳಗೆ ಬರುತ್ತೆ. ಆದರೆ ಕೈಚೀಲದಲ್ಲೇ ಇರಬೇಕು. ಸೈಕಲ್ ಡಬ್ಬದಲ್ಲಿ ಇಟ್ಟರೆ ಏರ್‌ಪೋರ್ಟಿನಲ್ಲಿ ನಿಮ್ಮನ್ನು ಕರೆದು ಇಡೀ ಡಬ್ಬ ಬಿಚ್ಚಿಸುತ್ತಾರೆ. ಅನುಭವದ ಮಾತು.

ಚಟ್ನಿಪುಡಿ

ನಾನು ಹುಬ್ಬಳ್ಳಿಯವಳು, ಸದ್ಯ ಯುರೋಪಿನಲ್ಲಿದ್ದೇನೆ, ಗಂಡನ ಜೊತೆ ಜೋಡಿಯಾಗಿ ಹೋಗಿದ್ದೆ. ಐದನೇ ದಿನ ಬಿಟ್ಟೆವು. ಮುಗಿಸದವರ ಮಾತೂ ಒಂದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಊಟ. ಉಪವಾಸ ಬೀಳುವುದಿಲ್ಲ, ಆದರೆ ಬೇಜಾರಾಗುತ್ತೆ. ಖೋಬ್ಜ್ ಅನ್ನುವ ದುಂಡನೆ ಬ್ರೆಡ್ ಎಲ್ಲ ಕಡೆ ಇದೆ, ಆಮ್ಲೆಟ್ ಎಲ್ಲ ಕಡೆ ಇದೆ. ತರಕಾರಿ ತಾಜಿನ್ (ಮಣ್ಣಿನ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸುವ ಅಡುಗೆ) ಕೇಳಿದರೆ ಎಷ್ಟೋ ಸಲ ಮಾಂಸದ ಜೊತೆ ಬೇಯಿಸಿದ ತರಕಾರಿಯನ್ನೇ ಮೇಲಿಂದ ತೆಗೆದು ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಬಿಸ್ಸಾರ ಅಂತ ಒಣ ಅವರೆ ಜಾತಿಯ ಕಾಳಿನ ಗಟ್ಟಿ ಸಾರು ಸಿಕ್ಕರೆ ಬಿಡಬೇಡಿ, ಮೇಲೆ ಆಲಿವ್ ಎಣ್ಣೆ ಜೀರಿಗೆಪುಡಿ ಹಾಕುತ್ತಾರೆ, ಚಳಿಯಲ್ಲಿ ಜೀವ ಬಂದಂತಾಗುತ್ತೆ. ಇನ್ನೊಂದು ಅಮ್ಲು, ಅಂದರೆ ಬಾದಾಮಿ, ಅರ್ಗಾನ್ ಅನ್ನುವ ಅಲ್ಲಿನ ಮರದ ಬೀಜದ ಎಣ್ಣೆ, ಜೇನುತುಪ್ಪ ಸೇರಿಸಿ ಅರೆದದ್ದು. ಬ್ರೆಡ್ಡಿಗೆ ಹಚ್ಚಿ ಜೇಬಿಗೆ ಹಾಕಿ. ನಾನು ಶೇಂಗಾ ಚಟ್ನಿಪುಡಿ ಕಾಲು ಕೆಜಿ ಒಯ್ದಿದ್ದೆ, ಮೂರನೇ ದಿನ ರಾತ್ರಿ ಬರೀ ಬ್ರೆಡ್ಡಿಗೆ ಅದನ್ನು ಉದುರಿಸಿಕೊಂಡು ತಿಂದದ್ದು ಇವತ್ತಿಗೂ ನೆನಪಿದೆ. ತೂಕ ತೂಕ ಅಂತ ಬ್ರಷ್‌ನ ಹಿಡಿ ಕತ್ತರಿಸುವ ಗಂಡ ಕೂಡ ಆವತ್ತು ಬಾಯಿ ಮುಚ್ಚಿಕೊಂಡು ಕೈ ಚಾಚಿದ.

ನಾವು ಬಿಟ್ಟಿದ್ದು ಕಾಲು ಸೋತು ಅಲ್ಲ. ನನ್ನ ಕೈ ಕಾರಣ. ನಾಲ್ಕು ದಿನ ಕಲ್ಲಿನ ಮೇಲೆ ಹ್ಯಾಂಡಲ್ ಅದುರಿ ಅದುರಿ ಕಿರುಬೆರಳು, ಉಂಗುರ ಬೆರಳು ಮರಗಟ್ಟಿದವು. ಅಂಗೈ ಬುಡದಲ್ಲಿ ಹಾದು ಹೋಗುವ ನರ ಒತ್ತಿಹೋಗಿ ಹೀಗಾಗುತ್ತೆ. ಚಾಕೊಲೇಟ್ ಕಾಗದ ಬಿಚ್ಚಲು ಆಗುತ್ತಿರಲಿಲ್ಲ, ಬ್ರೇಕ್ ಒತ್ತಿದೆನೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿ ತಿಳಿಯಬೇಕಿತ್ತು. ಆ ಸ್ಥಿತಿಯಲ್ಲಿ ಇಳಿಜಾರು ಬೇಡ ಅಂತ ನಾನೇ ಅಂದೆ. ಪೂರ್ತಿ ಸರಿಹೋಗಲು ಎರಡು ತಿಂಗಳ ಮೇಲಾಯಿತು. ದಪ್ಪ ಗ್ರಿಪ್, ಮೊಣಕೈ ಊರಿಕೊಳ್ಳಲು ಹ್ಯಾಂಡಲ್ ಮೇಲೆ ಏರೋ ಬಾರ್, ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ, ಈ ಮೂರನ್ನೂ ಮೊದಲೇ ಮಾಡಿಕೊಳ್ಳಿ.

ಆಫ್ರಿಕಾ ಅಂತ ಬಿಸಿಲಿನ ಲೆಕ್ಕ ಹಾಕಬೇಡಿ. ರೇಸ್ ಇರುವುದು ಫೆಬ್ರವರಿಯಲ್ಲಿ. ಎತ್ತರದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಬಾಟಲಿ ನೀರು ಹೆಪ್ಪುಗಟ್ಟಿತ್ತು. ಡೌನ್ ಜಾಕೆಟ್ ಬಿಟ್ಟು ಹೋಗಬೇಡಿ, ಅದರ ಬದಲು ಎರಡನೇ ಜೊತೆ ಚಡ್ಡಿ ಬಿಡಿ.

ಮಂಡಿನೋವು

ಎಲ್ಲರೂ ಹುರಿದುಂಬಿಸುತ್ತಿದ್ದೀರಿ. ನಾನು ಒಬ್ಬ ತಣ್ಣೀರು ಹಾಕುತ್ತೇನೆ. ಈ ವರ್ಷ ಬೇಡ.

ಹಿಂಬದಿಚಕ್ರ ಅವರೇ, ನೀವು ಸಾಮಾನು ಕಟ್ಟಿಕೊಂಡು ಸತತ ಮೂರು ದಿನ ಎಂದಾದರೂ ಓಡಿಸಿದ್ದೀರಾ? ಬ್ರೆವೆಯಲ್ಲಿ 40 ಗಂಟೆ ಹಲ್ಲು ಕಚ್ಚಿ ಕಳೆದುಬಿಡಬಹುದು, ಮನೆಗೆ ಬಂದು ಒಂದು ವಾರ ಮಲಗಬಹುದು. ಮೂರನೇ ದಿನದ ಬೆಳಿಗ್ಗೆ ಒದ್ದೆ ಸಾಕ್ಸ್ ಹಾಕಿಕೊಂಡು, ಹಿಂದೆ ಹುಣ್ಣಾದ ಜಾಗದ ಮೇಲೇ ಮತ್ತೆ ಕೂತು ಹೊರಡುವುದು ಬೇರೆ ವಿದ್ಯೆ. ಅದನ್ನು ಮೊರಾಕೊದಲ್ಲಿ ಕಲಿಯಲು ಹೋಗಬೇಡಿ, ಟಿಕೆಟ್ ದುಬಾರಿ.

ಇಲ್ಲೇ ನಿಮ್ಮದೇ ಒಂದು ಸ್ಟೇಜ್ ರೇಸ್ ಮಾಡಿಕೊಳ್ಳಿ. ಹಾಸನದಿಂದ ಹೊರಟು ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಕಡೆ ಕಾಫಿ ತೋಟದ ಸಂದಿಗೊಂದಿ ರಸ್ತೆಗಳಲ್ಲಿ ನಾಲ್ಕು ದಿನ. ಮೊರಾಕೊಗೆ ಏನೇನು ಒಯ್ಯುತ್ತೀರೋ ಅಷ್ಟೂ ಸಾಮಾನು ಕಟ್ಟಿ. ಮೊದಲ ಎರಡು ದಿನ ಸ್ಟೇಜ್ ಲೆಕ್ಕ, ಸಂಜೆ ನಿಲ್ಲಿ. ಆಮೇಲಿನ ಎರಡು ದಿನ ಗಡಿಯಾರ ನಿಲ್ಲಿಸಬೇಡಿ, ರಾತ್ರಿ ನಾಲ್ಕೇ ಗಂಟೆ ಮಲಗಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ. ರಾತ್ರಿ ಕಾಡಿನೊಳಗೆ ಮಾತ್ರ ಬೇಡ. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ಬಂದ್.

ನಿದ್ದೆ ಬಗ್ಗೆ ಒಂದು ಮಾತು. ನನ್ನ ಎರಡನೇ 600ರಲ್ಲಿ ಬೆಳಗಿನ ಜಾವ ಚಿತ್ರದುರ್ಗದ ಹತ್ತಿರ ರಸ್ತೆ ಪಕ್ಕ ಸಾಲಾಗಿ ಹೆಂಗಸರು ಬಿಳಿ ಸೀರೆ ಉಟ್ಟು ಕೂತಿದ್ದರು. ಜಾತ್ರೆಯೇನೋ ಅಂದುಕೊಂಡೆ. ಹತ್ತಿರ ಹೋದರೆ ಸುಣ್ಣ ಬಳಿದ ಕಲ್ಲುಗಳು. ಆಗ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಹತ್ತು ನಿಮಿಷದಲ್ಲಿ ಚರಂಡಿಗೆ ಬಿದ್ದೆ. ಮಂಡಿಯ ಹೆಸರು ಆವತ್ತಿನದು. ಇಲ್ಲದ್ದು ಕಂಡ ಕೂಡಲೇ ಇಳಿದು 20 ನಿಮಿಷ ಮಲಗಿ.

ಕಲ್ಲುದಾರಿ

ಮಂಡಿನೋವು ಅವರ ನಾಲ್ಕು ದಿನದ ಐಡಿಯಾ ಚೆನ್ನಾಗಿದೆ. ಆದರೆ ಈ ವರ್ಷ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅರ್ಜಿ ಹಾಕಿ ಇಟ್ಟುಕೊಳ್ಳಲಿ, ದಿನಾಂಕ ಎದುರಿಗೆ ಇದ್ದರೆ ಮನುಷ್ಯ ಬೆಳಿಗ್ಗೆ ಏಳುತ್ತಾನೆ.

ಹಿಂಬದಿಚಕ್ರ

ಎಲ್ಲರಿಗೂ ಥ್ಯಾಂಕ್ಸ್. 162ರ ಲೆಕ್ಕ ನೋಡಿ ನನಗೇ ನಗು ಬರುತ್ತಿದೆ. ಹೋದ ವಾರ ಸಾಮಾನು ಕಟ್ಟಿ ಹಾಸನದಿಂದ ಹೊರಟಿದ್ದೆ. ನಾಲ್ಕು ದಿನ ಅಂತ ಹೊರಟವನು ಎರಡೂವರೆ ದಿನಕ್ಕೆ ಬಸ್ ಹತ್ತಿದೆ. ಸೈಕಲ್ಲಿಗೇನೂ ಆಗಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಮೂಡಿಗೆರೆಯಲ್ಲಿ ಇಡ್ಲಿ ತಿನ್ನಲು ಕೂತೆ, ಏಳಲು ಮನಸ್ಸಾಗಲಿಲ್ಲ, ಒಂದು ಗಂಟೆ ಹತ್ತು ನಿಮಿಷ ಹಾಗೇ ಕೂತಿದ್ದೆ. ಪ್ಲಾಸ್ಟಿಕ್ ಕುರ್ಚಿಯೇ! ಜನವರಿಯಲ್ಲಿ ಮತ್ತೊಂದು ಸಲ ಹೊರಡುತ್ತೇನೆ, ಮೊರಾಕೊ ಅದರ ಮುಂದಿನ ವರ್ಷಕ್ಕೆ. ಗೆಳೆಯ ಮಾತ್ರ ಚಟ್ನಿಪುಡಿ ಅವರ ಕೈ ಕಥೆ ಓದಿ ನಾನು ಬರಲ್ಲ ಅಂದುಬಿಟ್ಟ.

ಒಂದು ಪ್ರಶ್ನೆ ಉಳಿದಿದೆ. ಎದ್ದು ನಿಂತು ತುಳಿದರೆ ಸೀಟಿನ ಹಿಂದೆ ಕಟ್ಟಿದ ಸ್ಯಾಡಲ್ ಬ್ಯಾಗ್ ನಾಯಿ ಬಾಲದ ಥರ ಅಲ್ಲಾಡುತ್ತೆ. ಏನು ಮಾಡೋದು?

ಕುಲುಮೆ

ಭಾರದ್ದನ್ನು ಸೀಟಿನ ಕಂಬಕ್ಕೆ ಅಂಟಿಕೊಂಡಿರುವ ತುದಿಗೆ ತುರುಕಿ, ಬಾಲದ ಕಡೆ ಬರೀ ಜಾಕೆಟ್. ಟೂಲ್, ಟ್ಯೂಬ್ ಎಲ್ಲ ಅಲ್ಲಿಂದ ತೆಗೆದು ಫ್ರೇಮ್ ಬ್ಯಾಗಿಗೆ ಹಾಕಿ. ಆಮೇಲೂ ಅಲ್ಲಾಡಿದರೆ ಫೋಟೊ ಹಾಕಿ, ನೋಡೋಣ.