ರಾಟಲ್‌ಸ್ನೇಕ್: ಗಿಲಕಿ ಹಾವೋ, ಗೆಜ್ಜೆ ಮಂಡಲವೋ?

ಗೆಳೆಯರೇ,

ಮಕ್ಕಳಿಗಾಗಿ ಹಾವುಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ವೆಸ್ಟರ್ನ್ ಡೈಮಂಡ್‌ಬ್ಯಾಕ್ ರಾಟಲ್‌ಸ್ನೇಕ್‌ಗೆ ಕನ್ನಡದಲ್ಲಿ ಏನೆನ್ನೋಣ?

ಇದು ಅಮೆರಿಕದ ಒಣನಾಡಿನ ವಿಷದ ಹಾವು. ಅರ್ಕಾನ್ಸಾದಿಂದ ಟೆಕ್ಸಸ್, ನ್ಯೂ ಮೆಕ್ಸಿಕೊ, ಅರಿಜೋನಾ ದಾಟಿ ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯವರೆಗೆ ಇದೆ. ಕೆಳಗೆ ಮೆಕ್ಸಿಕೊದಲ್ಲೂ ಇದೆ. ರಾಟಲ್‌ಸ್ನೇಕ್‌ಗಳಲ್ಲಿ ಯಾವುದೂ ಅಮೆರಿಕ ಖಂಡಗಳ ಆಚೆ ಇಲ್ಲ. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಹೆಸರು ಹುಡುಕಿ ಪ್ರಯೋಜನವಿಲ್ಲ, ನಾವೇ ಕಟ್ಟಿಕೊಳ್ಳಬೇಕು.

ಇದು ಬಾಲ ಅದುರಿಸಿ ಸದ್ದು ಮಾಡುತ್ತದೆ, ಇಂಗ್ಲಿಷ್‌ನ ‘ರಾಟಲ್’ ಎಂದರೆ ಗಿಲಕಿ. ಅದಕ್ಕೇ ಮೊದಲು ‘ಗಿಲಕಿ ಹಾವು’ ಎಂದು ಬರೆದೆ. ಆಮೇಲೆ ಯಾಕೋ ಒಗ್ಗಲಿಲ್ಲ. ಗಿಲಕಿ ಎಂದರೆ ಒಳಗೆ ಕಾಳು ಇರಬೇಕು, ಅಲ್ವಾ? ಈ ಹಾವಿನ ಬಾಲದಲ್ಲಿ ಕಾಳೇ ಇಲ್ಲ. ನಮ್ಮ ಉಗುರಿನಂಥದೇ ವಸ್ತುವಿನ ಟೊಳ್ಳು ಬಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಪೊರೆ ಬಿಟ್ಟಾಗಲೆಲ್ಲ ಒಂದು ಬಳೆ ಸೇರುತ್ತದೆ. ತುದಿಯವು ಆಗಾಗ ಮುರಿದೂ ಹೋಗುತ್ತವೆ. ಬಾಲ ಸೆಕೆಂಡಿಗೆ 50ಕ್ಕೂ ಜಾಸ್ತಿ ಸಲ ಅದುರಿದಾಗ ಬಳೆಗಳು ತಾಕಿ ಸದ್ದಾಗುತ್ತದೆ. ಅದು ‘ಗಿಲಿಗಿಲಿ’ ಅಲ್ಲ, ಜೀರುಂಡೆಯ ಹಾಗೆ ಒಂದೇ ಸಮನೆ ‘ಜೀರ್’ ಎನ್ನುವ ಸದ್ದು. ಜೊತೆಗೆ ಗಿಲಕಿ ಎಂದರೆ ಮಗುವಿನ ಆಟಿಕೆ. ಕಚ್ಚಿದರೆ ಜೀವಕ್ಕೇ ಕುತ್ತಾಗುವ ಹಾವಿಗೆ ಆ ಹೆಸರು ಬೇಡ ಅನಿಸಿತು.

ಮೆಕ್ಸಿಕೊದವರು ಸ್ಪ್ಯಾನಿಷ್‌ನಲ್ಲಿ ಇದನ್ನು ‘ಕಾಸ್ಕಬೆಲ್’ ಎನ್ನುತ್ತಾರೆ. ಕಾಸ್ಕಬೆಲ್ ಎಂದರೆ ನಮ್ಮ ಗೆಜ್ಜೆಯೇ! ಗೆಜ್ಜೆಯೊಳಗೂ ಹರಳು ಇರುತ್ತದೆ, ಒಪ್ಪುತ್ತೇನೆ. ಆದರೆ ಗೆಜ್ಜೆ ಮೈಗೆ ಕಟ್ಟಿದ್ದು, ಸಾಲಾಗಿ ಇರುವಂಥದ್ದು. ಬಾಲದ ಬಳೆಸಾಲಿಗೆ ಅದೇ ಹತ್ತಿರ.

ಇನ್ನು ‘ಹಾವು’ ಸಾಕೇ? ಇದು ಕೊಳಕುಮಂಡಲದ ಕುಟುಂಬದ್ದು. ಅದಕ್ಕಿಂತ ಹತ್ತಿರದ ನೆಂಟ ಮಲೆನಾಡಿನ ಗುಳಿಮಂಡಲ. ರಾಟಲ್‌ಸ್ನೇಕ್, ಗುಳಿಮಂಡಲ ಎರಡಕ್ಕೂ ಕಣ್ಣು, ಮೂಗಿನ ಹೊಳ್ಳೆಗಳ ನಡುವೆ ಬಿಸಿ ಗುರುತಿಸುವ ಗುಳಿ ಇದೆ. ‘ಮಂಡಲ’ ಎಂದರೆ ಸಾಕು, ವಿಷ ಇದೆ ಎಂದು ನಮ್ಮವರಿಗೆ ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ‘ಗೆಜ್ಜೆ ಮಂಡಲ’ ಎಂದುಕೊಂಡೆ.

‘ಡೈಮಂಡ್‌ಬ್ಯಾಕ್’ ಇನ್ನೊಂದು ತೊಡಕು. ‘ವಜ್ರಬೆನ್ನು’ ಎಂದರೆ ಮಕ್ಕಳು ಹೊಳೆಯುವ ಹರಳನ್ನು ನೆನೆಯುತ್ತಾರೆ. ಇಲ್ಲಿರುವುದು ಗಣಿತದ ವಜ್ರಾಕೃತಿ, ಶಂಕರಪೋಳಿಯ ಆಕಾರ. ‘ಶಂಕರಪೋಳಿಯಂಥ ಮಚ್ಚೆಗಳ’ ಎಂದು ವಿವರಣೆಯಲ್ಲಿ ಬರೆದು, ಹೆಸರಿನಿಂದ ಕೈಬಿಡಲೇ?

ನಿಮ್ಮ ಊರಿನ ಕಡೆ ಗಿಲಕಿಗೆ ಏನೆನ್ನುತ್ತೀರಿ? ಆ ‘ಜೀರ್’ ಸದ್ದು ಹಿಡಿದಿಡುವ ಬೇರೆ ಪದ ಇದ್ದರೆ ‘ಗೆಜ್ಜೆ’ ಬಿಟ್ಟು ಅದನ್ನೇ ಬಳಸುತ್ತೇನೆ.