ಟರ್ಮಿನಲ್, ಶೆಲ್ ಸ್ಕ್ರಿಪ್ಟ್ ಕಲಿಯೋಕೆ ಎಲ್ಲಿಂದ ಶುರು ಮಾಡಲಿ?

ಲೈಬ್ರರಿ ಅಕ್ಕ:
ಎಲ್ಲರಿಗೂ ನಮಸ್ಕಾರ. ಕಾಲೇಜು ಲೈಬ್ರರಿಯಲ್ಲಿ ಕೆಲಸ ನನಗೆ. ಈಚೆಗೆ ನಮ್ಮ ಕಂಪ್ಯೂಟರಿಗೆ ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ದಾರೆ. ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಕಲಿಯಬೇಕು ಅಂತ ತುಂಬಾ ಆಸೆ. ವಿಡಿಯೋ ನೋಡಿ ಕಮಾಂಡ್‌ಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ, ಬೆಳಗಾದರೆ ಮರೆತಿರುತ್ತದೆ. ನನ್ನ ಹತ್ತಿರ ಈ ವರ್ಷ ಓದೋಕೆ ಕೊಟ್ಟ ಪುಸ್ತಕಗಳ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ) ಇದೆ. ಒಂದೊಂದು ಸಾಲಿನಲ್ಲೂ ತಾರೀಕು, ಕಾರ್ಡ್ ನಂಬರ್, ಪುಸ್ತಕದ ಹೆಸರು, ವಾಪಸ್ ಬಂದ ದಿನ. ಯಾವ ಪುಸ್ತಕ ಜಾಸ್ತಿ ಹೋಗಿದೆ ಅಂತ ಪ್ರಿನ್ಸಿಪಾಲರು ಕೇಳುತ್ತಿದ್ದಾರೆ. ಇದನ್ನು ಶೆಲ್‌ನಲ್ಲೇ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮ್) ತೆಗೆಯೋಕಾಗುತ್ತಾ?

ಹಳೇ ಸರ್ವರ್:
ಆಗುತ್ತೆ ಅಕ್ಕ. ಕಲಿಯೋಕೆ ಇದಕ್ಕಿಂತ ಒಳ್ಳೆ ಫೈಲ್ ಬೇಡ. ಸರ್ವರ್ ನೋಡಿಕೊಳ್ಳೋದೇ ನನ್ನ ಕೆಲಸ, ಹೊಸಬರಿಗೆ ನಾನು ಹೇಳೋದು ಒಂದೇ: ಪಟ್ಟಿ ಬಾಯಿಪಾಠ ಮಾಡಬೇಡಿ, ನಿಮ್ಮದೇ ಒಂದು ಕೆಲಸ ಹಿಡಿದು ಒಂದೊಂದೇ ಕಮಾಂಡ್ ಸೇರಿಸುತ್ತಾ ಹೋಗಿ.

ಮೊದಲು ಫೈಲಿನ ಕಾಪಿ ಮಾಡಿಕೊಳ್ಳಿ. ಹೆಡ್ ಕಮಾಂಡ್ ಕೊಟ್ಟರೆ ಮೊದಲ 10 ಸಾಲು ಕಾಣುತ್ತದೆ. ಆಮೇಲೆ ಕಟ್. ಅದಕ್ಕೆ ಎಲ್ಲಿ ಕತ್ತರಿಸಬೇಕು ಅಂತ ಹೇಳೋದು ಮೈನಸ್ ಡಿ, ಅಲ್ಲಿ ಕಾಮಾ ಕೊಡಿ. ಎಷ್ಟನೇ ತುಂಡು ಬೇಕು ಅನ್ನೋದು ಮೈನಸ್ ಎಫ್, ನಿಮಗೆ 3. ಎಂಟರ್ ಒತ್ತಿ ನೋಡಿ, ಪುಸ್ತಕದ ಹೆಸರು ಮಾತ್ರ ಬರುತ್ತದೆ.

ಈಗ ಮೇಲಿನ ಬಾಣದ ಕೀ ಒತ್ತಿ. ಅದೇ ಸಾಲು ಮತ್ತೆ ಬರುತ್ತದೆ. ಅದರ ಕೊನೆಗೆ ಪೈಪ್ (| ಗೆರೆ, ಒಂದು ಕಮಾಂಡಿನ ಫಲಿತಾಂಶವನ್ನು ಮುಂದಿನದಕ್ಕೆ ಕಳಿಸುತ್ತದೆ) ಹಾಕಿ, ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಸೇರಿಸಿ, ಮತ್ತೆ ನೋಡಿ. ಆಮೇಲೆ ಇನ್ನೊಂದು ಪೈಪ್, ಒಂದೇ ಥರದ ಸಾಲುಗಳನ್ನು ಎಣಿಸುವ ಯೂನಿಕ್ (uniq) ಮೈನಸ್ ಸಿ. ಸಾರ್ಟ್ ಬಿಟ್ಟರೆ ಲೆಕ್ಕ ಕೆಡುತ್ತದೆ, ಯಾಕೆಂದರೆ ಯೂನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಕೊನೆಗೆ ಇನ್ನೊಂದು ಸಾರ್ಟ್, ಮೈನಸ್ ಆರ್‌ಎನ್ ಜೊತೆ. ಜಾಸ್ತಿ ಹೋದ ಪುಸ್ತಕ ಮೇಲೆ ಬಂದು ಕೂರುತ್ತದೆ.

ಈ ಪೈಪ್ ನನಗೆ ತುಂಬಾ ಇಷ್ಟದ್ದು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಡಗ್ ಮೆಕಿಲ್‌ರಾಯ್ ಇದು ಬೇಕೇ ಬೇಕು ಅಂತ ವರ್ಷಗಟ್ಟಲೆ ಹೇಳುತ್ತಾ ಬಂದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗೆ ಸೇರಿಸಿದರು. ಇವತ್ತಿಗೂ ಅದೇ ಗೆರೆ, ಅದೇ ಕೆಲಸ.

ಕೀಲಿಮಣೆ:
ಎರಡು ಮಾತು ಸೇರಿಸುತ್ತೇನೆ. ಪುಸ್ತಕದ ಹೆಸರಿನೊಳಗೇ ಕಾಮಾ ಇದ್ದರೆ ಕಟ್ ಅಲ್ಲೂ ಕತ್ತರಿಸುತ್ತದೆ. ಅಂಥವು ಇದ್ದರೆ ಫೈಲನ್ನು ಕಾಮಾ ಬದಲು ಟ್ಯಾಬ್ ಹಾಕಿ ಸೇವ್ ಮಾಡಿಕೊಳ್ಳಿ. ಆಗ ಮೈನಸ್ ಡಿ ಬೇಕೇ ಇಲ್ಲ, ಕಟ್ ತಾನಾಗೇ ಟ್ಯಾಬ್ ನೋಡುತ್ತದೆ.

ಇನ್ನೊಂದು, ಕನ್ನಡ ಹೆಸರುಗಳ ಕಥೆ. ಕಣ್ಣಿಗೆ ಒಂದೇ ಥರ ಕಂಡರೂ ಒಂದರಲ್ಲಿ ಕಾಣದ ಅಕ್ಷರ ಸೇರಿರಬಹುದು. ಅರ್ಧಾಕ್ಷರ ಬಿಡಿಸಿ ಬರೆಯೋಕೆ ಕೀಬೋರ್ಡ್ ಹಾಕುವ ಝೀರೋ ವಿಡ್ತ್ ನಾನ್ ಜಾಯಿನರ್ ಅದು. ಯೂನಿಕ್‌ಗೆ ಅವು ಎರಡು ಬೇರೆ ಪುಸ್ತಕ. ಅನುಮಾನ ಬಂದರೆ ಡಬ್ಲ್ಯೂಸಿ (wc) ಮೈನಸ್ ಸಿ ಕೊಟ್ಟು ಬೈಟ್ ಎಣಿಸಿ. ಪ್ರಿಂಟ್‌ಎಫ್ (printf) ಕಮಾಂಡಿನಿಂದ ಕಳಿಸಿದ ‘ಕನ್ನಡ’ ಅನ್ನೋ ಪದಕ್ಕೆ 15 ಬರುತ್ತದೆ. ಅಕ್ಷರಚಿಹ್ನೆ ಎಣಿಸುವ ಮೈನಸ್ ಎಂ ಕೊಟ್ಟರೆ 5. ಅಕ್ಷರಗಳನ್ನು ಬೈಟ್ ಮಾಡಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್, ಒತ್ತಕ್ಷರ ಮಾಡುವ ವಿರಾಮವೂ (್) ಒಂದು ಲೆಕ್ಕ.

ಲೈಬ್ರರಿ ಅಕ್ಕ:
ಬಂತು! ಒಂದು ಕಾದಂಬರಿ ಎರಡು ಕಡೆ ಬಂದಿತ್ತು. ಬೈಟ್ ಎಣಿಸಿದೆ, ಸರಿಯಾಗಿ 3 ವ್ಯತ್ಯಾಸ. ಕಾಪಿಯಲ್ಲಿ ತಿದ್ದಿದ ಮೇಲೆ ಅದೇ ಮೊದಲ ಸ್ಥಾನಕ್ಕೆ ಬಂತು. ಪ್ರತಿ ತಿಂಗಳೂ ಈ ಪಟ್ಟಿ ಕೊಡಿ ಅಂತಿದ್ದಾರೆ. ಇದನ್ನೇ ಸ್ಕ್ರಿಪ್ಟ್ ಮಾಡೋದು ಹೇಗೆ?

ಹಳೇ ಸರ್ವರ್:
ಅರ್ಧ ಕೆಲಸ ಮುಗಿದೇ ಇದೆ ಅಕ್ಕ. ಆ ಸಾಲನ್ನೇ ಒಂದು ಫೈಲಿಗೆ ಹಾಕಿ. ಮೊದಲ ಸಾಲಿನಲ್ಲಿ ಹ್ಯಾಶ್, ಆಶ್ಚರ್ಯ ಚಿಹ್ನೆ, ಆಮೇಲೆ ಬ್ಯಾಶ್ (ನೀವು ಬಳಸುತ್ತಿರುವ ಶೆಲ್‌ನ ಹೆಸರು) ಇರುವ ದಾರಿ. ಸಿಎಸ್‌ವಿ ಫೈಲಿನ ಹೆಸರಿದ್ದ ಜಾಗದಲ್ಲಿ ಡಾಲರ್ 1 ($1, ಸ್ಕ್ರಿಪ್ಟ್ ಓಡಿಸುವಾಗ ಅದರ ಮುಂದೆ ಬರೆಯುವ ಹೆಸರು) ಹಾಕಿ, ಪ್ರತಿ ತಿಂಗಳ ಫೈಲಿಗೂ ಅದೇ ಸ್ಕ್ರಿಪ್ಟ್ ನಡೆಯುತ್ತದೆ. ಆ ಡಾಲರ್ 1ರ ಸುತ್ತ ಡಬಲ್ ಕೋಟ್ ಮರೀಬೇಡಿ. ‘ಜೂನ್ ಪಟ್ಟಿ’ ಅಂತ ನಡುವೆ ಜಾಗ ಬಿಟ್ಟು ಹೆಸರಿಟ್ಟಿದ್ದರೆ, ಕೋಟ್ ಇಲ್ಲದ ಕಡೆ ಶೆಲ್ ಅದನ್ನು ಎರಡು ಫೈಲ್ ಅಂದುಕೊಳ್ಳುತ್ತದೆ. ಸೇವ್ ಮಾಡಿ, ಫೈಲನ್ನು ಓಡಿಸೋಕೆ ಅನುಮತಿ ಕೊಡುವ ಸಿಎಚ್‌ಮೋಡ್ (chmod) ಪ್ಲಸ್ ಎಕ್ಸ್ ಕೊಡಿ.

ಓಡಿಸುವ ಮೊದಲು, ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್ ಅನ್ನೋ ಉಚಿತ ಟೂಲ್‌ಗೆ ತೋರಿಸಿ. ಎಸ್‌ಸಿ2086 ಅಂತ ಬಂದರೆ ಎಲ್ಲೋ ಕೋಟ್ ಬಿಟ್ಟುಹೋಗಿದೆ ಅಂತ ಅರ್ಥ. ಬರೆದಿದ್ದನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.